ದಾರಿಯ ಮೇಲೆ ಚಕ್ಕಡಿ ಯಾಕಿಲ್ಲ?

ಎಂಟು ಇಂಚು ಎತ್ತರ, ಹತ್ತು ಇಂಚು ಅಗಲದ ಹಲಗೆ. ಅದರ ಮೇಲೆ ತೈಲವರ್ಣದಲ್ಲಿ ಒಂದು ಹೊಲದ ದಾರಿ. ಎಡಕ್ಕೆ ಒಡ್ಡು, ಒಡ್ಡಿನ ಮೇಲೊಂದು ಜಾಲಿಗಿಡ, ಬಲಕ್ಕೆ ಚೋಟುದ್ದ ಎದ್ದ ಹಿಂಗಾರಿ ಜೋಳ, ಮೇಲೆ ಆಕಾಶ. ತಾಳಿಕೋಟೆ ಕಡೆಯ ಡೋಣಿ ನದಿಯ ಸಾಲಿನಲ್ಲಿ ನಿಂತು ಬರೆದದ್ದು. ವಿಜಯಪುರದ ನನ್ನ ಮನೆಗೆ ಬಂದವರು, ಪ್ರದರ್ಶನದಲ್ಲಿ ನೋಡಿದವರು, ಪರಿಚಿತರು, ಅಪರಿಚಿತರು ಎಲ್ಲರೂ ಕೇಳುವುದು ಒಂದೇ: "ದಾರಿ ಚೆನ್ನಾಗಿದೆ. ಆದರೆ ಖಾಲಿ ಯಾಕೆ? ಒಂದು ಚಕ್ಕಡಿ ಹಾಕಬಾರದಿತ್ತೇ?"

ಇಷ್ಟು ವರ್ಷ ನಕ್ಕು ಸುಮ್ಮನಾಗುತ್ತಿದ್ದೆ. ಇನ್ನು ಆಗುವುದಿಲ್ಲ. ಉತ್ತರವನ್ನು ಇಲ್ಲಿ ಬರೆದಿಡುತ್ತೇನೆ.

ಮೊದಲು ಆ "ಹಾಕು" ಎಂಬ ಮಾತು. ಸಾರಿಗೆ ಉಪ್ಪು ಹಾಕುತ್ತಾರೆ, ಚಹಾಕ್ಕೆ ಸಕ್ಕರೆ ಹಾಕುತ್ತಾರೆ. ನಾನು ಆ ದಾರಿಯನ್ನು ಹಾಕಲಿಲ್ಲ, ಜಾಲಿಯನ್ನೂ ಹಾಕಲಿಲ್ಲ. ಅವು ಅಲ್ಲಿದ್ದವು. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಎದುರಿಗೆ ನಿಂತು, ಇದ್ದದ್ದನ್ನು ಇದ್ದ ಹಾಗೆ ಬರೆಯಲು ಒದ್ದಾಡಿದೆ. ಆ ಎರಡು ಗಂಟೆಯಲ್ಲಿ ಚಕ್ಕಡಿ ಬರಲಿಲ್ಲ.

"ಹಾಗಾದರೆ ಯಾರೂ ಬರಲಿಲ್ಲವೇ?" ಎನ್ನುತ್ತೀರಿ. ಬಂದರು. ಹಾಲಿನ ಕ್ಯಾನುಗಳನ್ನು ಎರಡೂ ಬದಿಗೆ ಕಟ್ಟಿಕೊಂಡ ಬೈಕಿನವನೊಬ್ಬ ಬಂದ, ಕೆಸರಿಗೆ ಹೆದರಿ ಒಡ್ಡಿನ ಅಂಚು ಹಿಡಿದು ದಾಟಿಹೋದ. ಒಂದು ಆಡಿನ ಹಿಂಡು ಬಂತು. ಚಿತ್ರದಲ್ಲಿ ಆ ಬೈಕ್ ಇರಬೇಕಿತ್ತು ಎಂದು ಇವತ್ತಿನವರೆಗೆ ಒಬ್ಬರೂ ನನಗೆ ಹೇಳಿಲ್ಲ. ಅಂದಮೇಲೆ ದಾರಿ ಖಾಲಿ ಇರುವುದು ನಿಮ್ಮ ತಕರಾರಲ್ಲ. ನಿಮಗೆ ಬೇಕಾದದ್ದು ಚಕ್ಕಡಿ, ಅದೂ ಕೋಡಿಗೆ ಗೊಂಡೆ ಕಟ್ಟಿದ ಬಿಳಿ ಎತ್ತುಗಳ ಚಕ್ಕಡಿ. ನೀವು ಬಿಟ್ಟು ಬಂದ ಊರು ಬಿಟ್ಟಾಗ ಹೇಗಿತ್ತೋ ಹಾಗೆಯೇ ನಿಂತಿರಬೇಕು, ನಾನು ಅದನ್ನು ಬರೆದುಕೊಡಬೇಕು.

ಒಮ್ಮೆ ಬರೆದೂಕೊಟ್ಟಿದ್ದೇನೆ. ಆ ನೋವಿನಿಂದಲೇ ಇಷ್ಟು ಖಾರವಾಗಿ ಬರೆಯುತ್ತಿದ್ದೇನೆ. ಇದೇ ತರಹದ ಇನ್ನೊಂದು ದಾರಿಯ ಚಿತ್ರವನ್ನು ಒಬ್ಬರು ಹೋಟೆಲ್ ಮಾಲೀಕರು ಮೆಚ್ಚಿದರು. ಚಕ್ಕಡಿ ಸೇರಿಸಿದರೆ ಮಾತ್ರ ಕೊಳ್ಳುತ್ತೇನೆ ಎಂದರು. ಮನೆಯಲ್ಲಿ ಹಣದ ಅಡಚಣೆ ಇತ್ತು. ಹಳೆಯ ಫೋಟೋ ಒಂದನ್ನು ಮುಂದಿಟ್ಟುಕೊಂಡು ಚಕ್ಕಡಿ ಬರೆದೆ. ದಾರಿಗೆ ಬಿಸಿಲು ಎಡದಿಂದ ಬಿದ್ದಿತ್ತು, ಫೋಟೋದ ಎತ್ತುಗಳಿಗೆ ಬಲದಿಂದ. ತಿದ್ದಿದೆ, ಕೂಡಲಿಲ್ಲ. ಮೇಲಾಗಿ ನಾನು ಬರೆದಿದ್ದ ಜಾಡು ಟ್ರ್ಯಾಕ್ಟರಿನದು, ಅಗಲವಾಗಿ, ಟೈರಿನ ಓರೆ ಪಟ್ಟೆಗಳನ್ನು ಒತ್ತಿಕೊಂಡದ್ದು. ಅದರೊಳಗೆ ಕಬ್ಬಿಣದ ಪಟ್ಟಿ ಬಡಿದ ತೆಳ್ಳನೆಯ ಗಾಲಿಗಳನ್ನು ನಿಲ್ಲಿಸಿದೆ. ಚಕ್ಕಡಿ ಆ ದಾರಿಗೆ ಬರಲೇ ಇಲ್ಲ, ಅದರ ಮೇಲೆ ಅಂಟಿಕೊಂಡಿತು. ಆಮೇಲೆ ನೋಡಿದವರೆಲ್ಲ ಎತ್ತುಗಳನ್ನು ಹೊಗಳಿದರು. ದಾರಿಯ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಆ ಹೋಟೆಲಿಗೆ ನಾನು ಇನ್ನೂ ಕಾಲಿಟ್ಟಿಲ್ಲ.

ಓದಿಕೊಂಡವರು ಡಚ್ ಚಿತ್ರಕಾರ ಹೊಬ್ಬೆಮಾನನ್ನು ಮುಂದಿಡುತ್ತಾರೆ. 1689ರಲ್ಲಿ ಅವನು ಬರೆದ ಮಿಡಲ್‌ಹಾರ್ನಿಸ್ ಊರಿನ ಸಾಲುಮರದ ದಾರಿ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರಲ್ಲಿ ನಾಯಿಯೊಂದಿಗೆ ನಡೆದು ಬರುವ ಮನುಷ್ಯನಿದ್ದಾನಲ್ಲ ಎನ್ನುತ್ತಾರೆ. ಇದ್ದಾನೆ. ಅವನು ಆ ದಾರಿಗೆ ಸೇರಿದವನು, ಅದೇ ಬೆಳಕಿನಲ್ಲಿ ನಡೆಯುತ್ತಿದ್ದಾನೆ. ನನ್ನ ದಾರಿಯಲ್ಲೂ ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಎಡೆಯ ಚರಗ ಚೆಲ್ಲಲು ಹೊರಟವರ ಚಕ್ಕಡಿ ಎದುರಾದರೆ ಸಂತೋಷದಿಂದ ಬರೆಯುತ್ತೇನೆ. ಆ ದಿನ ಅದು ನಿಜ.

ಇಷ್ಟು ಹೇಳಿದ ಮೇಲೆ, ನನ್ನನ್ನು ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ: ಆ ಮಣ್ಣಿನ ಬಣ್ಣ ಹೇಗೆ ಸಿಕ್ಕಿತು?

ಎರೆಮಣ್ಣು ಕಪ್ಪು ಎಂದು ನಾವೆಲ್ಲ ಹೇಳುತ್ತೇವೆ. ಕೊಳವೆಯ ಕಪ್ಪು ಬಣ್ಣವನ್ನೇ ಬಳಿದರೆ ಅದು ಡಾಂಬರು ಆಗುತ್ತದೆ, ಎರೆ ಆಗುವುದಿಲ್ಲ. ಹಸಿ ಎರೆಯಲ್ಲಿ ನೀಲಿ ಇದೆ, ಅದರ ಕೆಳಗೆ ಒಂದು ಬಿಸಿ ಕಂದು ಇದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದಾಗ ಅದರ ಹತ್ತಿರ ಹೋಗಬಹುದು. ಜಾಡಿನ ಏರು ಮೊದಲು ಒಣಗುತ್ತದೆ, ಒಣಗಿದಲ್ಲಿ ಬೂದಿಬಣ್ಣಕ್ಕೆ ತಿರುಗುತ್ತದೆ. ಗರಸು ಸುರಿದ ಕಡೆ ಮಾತ್ರ ಕೆಂಪು. ಜಾಡಿನ ತಳದಲ್ಲಿ ನಿಂತ ನೀರಿಗೆ ಸ್ವಂತ ಬಣ್ಣವಿಲ್ಲ, ಅಲ್ಲಿ ಇರುವುದೆಲ್ಲ ಆಕಾಶ. ಆ ಎರಡು ಬೆರಳಗಲದ ಜಾಗಕ್ಕೆ ನನ್ನ ಅರ್ಧ ಬೆಳಗು ಹೋಗಿದೆ. ಬಣ್ಣ ಕಲಸುವ ಎಣ್ಣೆ ಯಾವುದು ಗೊತ್ತೇ? ಅಗಸಿ ಎಣ್ಣೆ. ನಮ್ಮ ಜಿಲ್ಲೆಯ ಹೊಲದಲ್ಲಿ ಬೆಳೆಯುವ, ರೊಟ್ಟಿಗೆ ಹಿಂಡಿ ಕುಟ್ಟುವ ಅದೇ ಅಗಸಿ. ಅದು ನೀರಿನ ಹಾಗೆ ಆರಿಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಮುಟ್ಟಿದರೆ ಅಂಟದಂತಾಗಲು ದಿನಗಳು ಬೇಕು.

ಬಣ್ಣದ ಬಗ್ಗೆ ನೇರವಾಗಿ ಅಲ್ಲದಿದ್ದರೂ, ಒಬ್ಬರು ಮಾತ್ರ ಇದರ ಸಮೀಪಕ್ಕೆ ಬಂದರು. ಪ್ರದರ್ಶನದ ಕೊನೆಯ ದಿನ ಮೊಮ್ಮಗಳ ಕೈಹಿಡಿದು ಬಂದ ಅಜ್ಜಿ. ದೊಡ್ಡ ಚಿತ್ರಗಳನ್ನೆಲ್ಲ ದಾಟಿ ಈ ಸಣ್ಣ ಹಲಗೆಯ ಮುಂದೆ ನಿಂತರು. ಕನ್ನಡಕವನ್ನು ಸೆರಗಿನಿಂದ ಒರೆಸಿ, ಮೂಗು ತಾಗುವಷ್ಟು ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಇದು ಯಾವ ಮಳೆ? ಉತ್ತರೆಯೋ, ಹಸ್ತವೋ?"

ಗಂಟಲು ಕಟ್ಟಿತು. "ಹಸ್ತ, ಅಜ್ಜಿ. ಮಳೆ ನಿಂತು ಎರಡನೆಯ ದಿನ" ಎಂದೆ.

"ಹಾಗೆಯೇ ಇದೆ. ಜೋಳ ಉತ್ತರೆಗೆ ಬಿತ್ತಿದ್ದು" ಎಂದರು. ಬಲಗಡೆಯ ಜಾಡಿನ ಮೇಲೆ ಬೆರಳು ತೋರಿಸಿ, "ಇಲ್ಲಿ ಟ್ರ್ಯಾಕ್ಟರ್ ಹೂತಿದೆ, ಹಿಂದಕ್ಕೆ ಮುಂದಕ್ಕೆ ಎಳೆದಾಡಿದ್ದಾರೆ" ಎಂದರು. ಅಲ್ಲಿ ಜಾಡು ಅಗಲವಾಗಿದ್ದನ್ನು ನಾನು ಕಂಡ ಹಾಗೆ ಬರೆದಿದ್ದೆ, ಕಾರಣ ನನಗೆ ತಿಳಿದಿರಲಿಲ್ಲ. ಚಕ್ಕಡಿಯ ಮಾತು ಅವರು ಎತ್ತಲಿಲ್ಲ. ಹೊರಡುವಾಗ ನನ್ನ ಕಾಲಿನ ಕಡೆ ನೋಡಿದರು.

"ಇನ್ನೆರಡು ದಿನ ತಡೆದು ಹೋಗಿದ್ದರೆ ಚಪ್ಪಲಿಯಾದರೂ ಉಳಿಯುತ್ತಿತ್ತು."

ಆ ಬೆಳಿಗ್ಗೆ ಎರೆಯಲ್ಲಿ ಸಿಕ್ಕು ಎಡಗಾಲಿನ ಚಪ್ಪಲಿಯ ಉಂಗುಷ್ಟ ಕಿತ್ತಿತ್ತು. ಅದನ್ನು ಒಡ್ಡಿನ ಮೇಲೆ ಬಿಟ್ಟು ಬರಿಗಾಲಲ್ಲೇ ನಿಂತು ಬರೆದಿದ್ದೆ. ಯಾರಿಗೂ ಹೇಳಿರಲಿಲ್ಲ.