ಆನ್ ಆರ್ಬರ್‌ನ ಬಿಗ್ ಹೌಸ್ ನೋಡೋಕೆ ಹೋಗೋರು ಮೊದ್ಲು ರೂಮ್ ವಿಚಾರ ತಿಳ್ಕೊಳ್ಳಿ

ಮಕ್ಕಳು ಅಮೆರಿಕದ ಆನ್ ಆರ್ಬರ್‌ನಲ್ಲಿರೋ ಮಿಷಿಗನ್ ಯೂನಿವರ್ಸಿಟಿಲಿ ಎಂಎಸ್ ಮಾಡ್ತಿದ್ದಾರೆ, ಸೆಪ್ಟೆಂಬರ್‌ನಲ್ಲಿ ಹೋಗಿ ನೋಡ್ಕೊಂಡು ಬರೋಣ ಅನ್ನೋರು ಯಾರೇ ಇರ್ಲಿ, ವಿಮಾನದ ಟಿಕೆಟ್ ತಗೊಳ್ಳೋ ಮುಂಚೆ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ಟೀಮಿನ ಕ್ಯಾಲೆಂಡರ್ ನೋಡಿ. ಬಿಗ್ ಹೌಸ್ ಅಂದ್ರೆ ಆ ಟೀಮಿನ ಸ್ಟೇಡಿಯಂ. ಶನಿವಾರ ಊರಲ್ಲಿ ಮ್ಯಾಚ್ ಇದ್ರೆ ಮಾಮೂಲಿ ಹೈವೇ ಪಕ್ಕದ ಹೋಟೆಲ್ಲೂ ಬಾಡಿಗೆ ಮೂರು ಪಟ್ಟು ಮಾಡುತ್ತೆ, ಸಾಲದ್ದಕ್ಕೆ ಎರಡು ರಾತ್ರಿ ತಗೊಳ್ಳಲೇಬೇಕು ಅಂತಾರೆ. ನಮಗೆ ಸಿಕ್ಕಿದ ರೂಮಲ್ಲಿ ಕಾರ್ಪೆಟ್ಟೆಲ್ಲಾ ಮುಗ್ಗಲು ವಾಸನೆ, ಹೀಟರ್ ರಾತ್ರಿಯಿಡೀ ಗಡಗಡ ಅಂತಿತ್ತು, ಕೇಳಿದ್ರೆ ಬೇರೆ ರೂಮ್ ಇಲ್ಲ ಅಂದ್ರು. ಹತ್ತಿರದ ಊರುಗಳಾದ ಕ್ಯಾಂಟನ್, ನೋವೈ ಕಡೆ ಪರಿಚಯದವರಿದ್ರೆ ಅಲ್ಲೇ ಉಳ್ಕೊಳ್ಳಿ, ಡೆಟ್ರಾಯ್ಟ್ ಕಾರ್ ಕಂಪನಿಗಳಲ್ಲಿ ಕೆಲಸ ಮಾಡೋ ನಮ್ಮವರು ಆ ಕಡೆ ಬೇಕಾದಷ್ಟು ಜನ ಇದ್ದಾರೆ.

ಇಷ್ಟೆಲ್ಲಾ ಆದ್ರೂ ಸ್ಟೇಡಿಯಂ ಮಾತ್ರ ಬಿಡಬೇಡಿ. ಒಂದು ಕಾಲೇಜ್ ಟೀಮಿನ ಸ್ಟೇಡಿಯಂ, ಸೀಟು 1,07,601! ರಸ್ತೆಯಿಂದ ನೋಡಿದ್ರೆ ಇಷ್ಟೇನಾ ಅನ್ಸುತ್ತೆ, ಯಾಕಂದ್ರೆ ಮುಕ್ಕಾಲು ಭಾಗ ನೆಲದ ಒಳಗಿದೆ. ಗೇಟ್ ದಾಟಿದ್ರೆ ನಾವು ನಿಂತಿರೋದೇ ಮೇಲ್ಗಡೆ, ಅಲ್ಲಿಂದ ನಮ್ಮೂರ ದೇವಸ್ಥಾನದ ಕಲ್ಯಾಣಿಗೆ ಇಳಿಯೋ ಹಾಗೆ ಮೆಟ್ಟಿಲು ಇಳೀತಾ ಇಳೀತಾ ಸೀಟಿಗೆ ಹೋಗಬೇಕು. ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ.

ಇದನ್ನ ಕಟ್ಟಿಸಿದ್ದು ಫೀಲ್ಡಿಂಗ್ ಯೋಸ್ಟ್ ಅನ್ನೋ ಪುಣ್ಯಾತ್ಮ. ಮೊದಲು ಇಲ್ಲಿ ಕೋಚ್ ಆಗಿದ್ದು ಆಮೇಲೆ ಕ್ರೀಡಾ ವಿಭಾಗದ ಮುಖ್ಯಸ್ಥ ಆದವರು. ಹಳೇ ಮೈದಾನ ಫೆರ್ರಿ ಫೀಲ್ಡ್ ಸಾಲ್ತಾ ಇರ್ಲಿಲ್ಲ, ಆದ್ರೆ ದೊಡ್ಡದು ಕಟ್ಟೋಕೆ ಯೂನಿವರ್ಸಿಟಿಯವರನ್ನ ಒಪ್ಪಿಸೋದು ಸುಲಭ ಇರ್ಲಿಲ್ಲ. ತೆರಿಗೆ ದುಡ್ಡು ಮುಟ್ಟದೆ 500 ಡಾಲರ್‌ನ 3,000 ಬಾಂಡ್ ಮಾರಿ ಹಣ ಎತ್ತಿದ್ರು, ಬಡ್ಡಿ 3 ಪರ್ಸೆಂಟ್. ಜಾಗ ಬೇರೆ ಜವುಗು, ಅಗೆದಲ್ಲೆಲ್ಲಾ ನೀರು. ಒಂದು ಕ್ರೇನ್ ಕೆಸರಲ್ಲಿ ಹೂತು ಹೋಗಿ ಇವತ್ತಿಗೂ ಕೆಳಗೇ ಇದೆ ಅಂತ ಊರವರು ಹೇಳ್ತಾರೆ. 1927ರ ಅಕ್ಟೋಬರ್ 1ಕ್ಕೆ ಮೊದಲ ಮ್ಯಾಚ್, ಓಹಾಯೋ ವೆಸ್ಲಿಯನ್ ಕಾಲೇಜಿನ ಮೇಲೆ 33-0 ಗೆಲುವು. ಆಗ ಪರ್ಮನೆಂಟ್ ಸೀಟು 72,000 ಅಷ್ಟೇ, ಆದ್ರೆ ಮುಂದೊಂದು ದಿನ ಲಕ್ಷ ದಾಟುತ್ತೆ ಅಂತ ಯೋಸ್ಟ್ ಆವಾಗಲೇ ಪಾಯ ಗಟ್ಟಿ ಹಾಕಿಸಿದ್ರು, ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. 1956ರಲ್ಲಿ 1,01,001 ಆಯ್ತು. ಆ ಸಂಖ್ಯೆಯ ಕೊನೇಲಿರೋ ಒಂದು ಹೆಚ್ಚುವರಿ ಸೀಟು ಫ್ರಿಟ್ಜ್ ಕ್ರಿಸ್ಲರ್ ಅನ್ನೋ ಹಳೇ ಕೋಚ್ ಗೌರವಕ್ಕಂತೆ, ಅದು ಯಾವುದು ಅಂತ ಯಾರಿಗೂ ಹೇಳಲ್ಲ. 2013ರಲ್ಲಿ ನೋಟರ್ ಡೇಮ್ ಯೂನಿವರ್ಸಿಟಿ ಜೊತೆಗಿನ ಮ್ಯಾಚಿಗೆ ಬಂದವರು 1,15,109 ಜನ. 1964ರಲ್ಲಿ ಪ್ರೆಸಿಡೆಂಟ್ ಲಿಂಡನ್ ಜಾನ್ಸನ್ ಬಡತನ, ಜನಾಂಗ ಭೇದ ಇಲ್ಲದ ಅಮೆರಿಕ ಕಟ್ಟೋ 'ಗ್ರೇಟ್ ಸೊಸೈಟಿ' ಭಾಷಣ ಮಾಡಿದ್ದೂ ಇದೇ ಮೈದಾನದಲ್ಲಿ, ಪದವಿ ಪ್ರದಾನದ ದಿನ.

ಕೂರೋ ವಿಚಾರ ಹೇಳ್ಬೇಕು. ಒರಗೋಕೆ ಇಲ್ಲದ ಅಲ್ಯೂಮಿನಿಯಂ ಬೆಂಚು, ಅದರ ಮೇಲೆ ನಂಬರ್, ಒಬ್ಬರಿಗೆ ಸಿಗೋದು ಒಂದೂವರೆ ಅಡಿ ಅಷ್ಟೇ, ಚಳಿಗಾಲದ ಜಾಕೆಟ್ ಹಾಕ್ಕೊಂಡು ಕೂತ್ರೆ ಪಕ್ಕದವರ ಮೊಣಕೈ ನಮ್ಮ ಪಕ್ಕೆಲುಬಲ್ಲಿ. ಗದ್ದಲ ನನಗೆ ಖುಷಿ, ಜಾತ್ರೆಲಿ ಬೆಳೆದವಳು ನಾನು, ಆದ್ರೆ ನಮ್ಮ ಯಜಮಾನರಿಗೆ ಅರ್ಧ ಆಟಕ್ಕೇ ಸಾಕಾಗಿತ್ತು. ತೀರಾ ಕೆಳಗಿನ ಸಾಲು ಬೇಡ, ಮುಂದೆ ನಿಂತಿರೋ ಆಟಗಾರರೇ ಅಡ್ಡ ಬರ್ತಾರೆ, ವಾಪಸ್ ಅಷ್ಟೂ ಮೆಟ್ಟಿಲು ಹತ್ತಬೇಕು. ಮಂಡಿ ನೋವಿರೋರು ಮೇಲಿನ ಸಾಲೇ ತಗೊಳ್ಳಿ, ಆಟ ಪೂರ್ತಿ ಚೆನ್ನಾಗಿ ಕಾಣುತ್ತೆ. ಬ್ಯಾಗ್ ಒಯ್ಯಬೇಡಿ, ಗೇಟಲ್ಲೇ ವಾಪಸ್ ಕಳಿಸ್ತಾರೆ.

ಬಸ್ ನಂಬಬೇಡಿ. ಮ್ಯಾಚ್ ಮುಗಿದ ಮೇಲೆ ನಾವು ಹತ್ತಿದ್ದ ಬಸ್ಸು ಜನ ತುಂಬ್ಕೊಂಡು ಒಂದೇ ಕಡೆ ಅಷ್ಟೊತ್ತು ನಿಂತೇ ಇತ್ತು, ಗಾಳಿ ಇಲ್ಲ, ಡ್ರೈವರ್ ಬಾಗಿಲೂ ತೆಗೀಲಿಲ್ಲ, ನಮ್ಮ ಪಕ್ಕದಲ್ಲಿ ನಡ್ಕೊಂಡು ಹೋದೋರೆಲ್ಲಾ ಮುಂದೆ ದಾಟಿ ಹೋದ್ರು. ಡೌನ್‌ಟೌನ್‌ಗೆ ಅರ್ಧ ಗಂಟೆ ದಾರಿ, ನಡೀರಿ.

ನಡೆದ್ರೆ ಇನ್ನೊಂದು ಲಾಭ, ಲಿಬರ್ಟಿ ಸ್ಟ್ರೀಟ್‌ನ ಜೆರುಸಲೇಮ್ ಗಾರ್ಡನ್ ಸಿಗುತ್ತೆ. ಸಸ್ಯಾಹಾರಿಗಳಿಗೆ ಇದಕ್ಕಿಂತ ಒಳ್ಳೇ ಜಾಗ ನನಗೆ ಆ ಊರಲ್ಲಿ ಸಿಗ್ಲಿಲ್ಲ. ಫಲಾಫೆಲ್ ಆಗಷ್ಟೇ ಎಣ್ಣೆಯಿಂದ ತೆಗೆದದ್ದು, ಹೊರಗೆ ಗರಿಗರಿ, ಒಳಗೆ ಹಸಿರಾಗಿ ಮೆತ್ತಗೆ, ಕಡಲೆಕಾಳಿನ ಘಮ ಹಾಗೇ ಇರುತ್ತೆ. ಬೇಳೆ ಸೂಪು ತಗೊಳ್ಳಿ, ನಿಂಬೆಹಣ್ಣು ಹಿಂಡ್ಕೊಂಡು ಬಿಸಿಬಿಸಿ ಕುಡಿದ್ರೆ ಚಳಿಲಿ ಮರಗಟ್ಟಿದ ಕೈಕಾಲು ಸರಿಹೋಗುತ್ತೆ. ಹಮ್ಮಸ್ ಮೇಲೆ ಆಲಿವ್ ಎಣ್ಣೆ ಧಾರಾಳ. ಸ್ಟೇಡಿಯಂ ಒಳಗೆ ತಿಂಡಿ ಮತ್ತೆ ಕೂಲ್‌ಡ್ರಿಂಕಿಗೆ ಕೊಟ್ಟ ದುಡ್ಡಲ್ಲೇ ಇಲ್ಲಿ ಇಬ್ಬರ ಹೊಟ್ಟೆ ತುಂಬ್ತು. ಮಾರನೇ ದಿನಾನೂ ಅಲ್ಲೇ ತಿಂದ್ವಿ.

ಬದ್ಧ ಎದುರಾಳಿ ಓಹಾಯೋ ಸ್ಟೇಟ್ ಜೊತೆಗಿನ ಮ್ಯಾಚ್ ಬೆಸ ವರ್ಷದ ನವೆಂಬರ್ ಕೊನೇಲಿ ಇಲ್ಲಿ ನಡೆಯುತ್ತೆ, ಚಳಿ ವಿಪರೀತ, ಟಿಕೆಟ್ ರೇಟ್ ಕೇಳಿದ್ರೆ ತಲೆ ತಿರುಗುತ್ತೆ. ಸೆಪ್ಟೆಂಬರ್ ಮೊದಲಲ್ಲಿ ಯಾವುದಾದ್ರೂ ಸಣ್ಣ ಟೀಮ್ ಬರುತ್ತಲ್ಲ, ಅದಕ್ಕೆ ಹೋಗಿ. ಆಗಲೂ ಲಕ್ಷ ಜನ ಇದ್ದೇ ಇರ್ತಾರೆ.