ಮೆಲ್ಲಗೆ ಹಾಡಿದ ಬಿಂಗ್ ಕ್ರಾಸ್ಬಿ ಅಷ್ಟು ದೊಡ್ಡ ಗಾಯಕ ಹೇಗಾದ?

ಅಮೆರಿಕದ ಗಾಯಕ ಕ್ರಾಸ್ಬಿಯ ಹಾಡು ಕೇಳಿದವರು ಪದೇ ಪದೇ ಎತ್ತುವ ಪ್ರಶ್ನೆ ಇದು: 'ಏರುದನಿಯಿಲ್ಲ, ಕಸರತ್ತಿಲ್ಲ, ಪಕ್ಕದಲ್ಲಿ ಕೂತು ಮಾತಾಡಿದ ಹಾಗಿದೆ. ಇದರಲ್ಲೇನು ಹೆಚ್ಚುಗಾರಿಕೆ?'

ಹೆಚ್ಚುಗಾರಿಕೆ ಇರುವುದೇ ಆ ಮಾತಾಡಿದ ಹಾಗಿರುವುದರಲ್ಲಿ. 1925ರವರೆಗೆ ರೆಕಾರ್ಡಿಂಗ್ ಎಂದರೆ ಕಹಳೆಯಂಥ ಕೊಳವೆಯೊಳಗೆ ಗಟ್ಟಿಯಾಗಿ ಹಾಡುವುದು. ದನಿಯ ಒತ್ತಡಕ್ಕೇ ಸೂಜಿ ಅಲುಗಿ ಮೇಣದ ಮೇಲೆ ಗೀರು ಬೀಳಬೇಕಿತ್ತು. ಪಿಸುದನಿಗೆ ಅಲ್ಲಿ ಜಾಗವಿರಲಿಲ್ಲ. ಆ ವರ್ಷ ಮೈಕಿನ ರೆಕಾರ್ಡಿಂಗ್ ಬಂತು. ವಾಷಿಂಗ್ಟನ್ ರಾಜ್ಯದ ಸ್ಪೊಕೇನ್ ಊರಿನಲ್ಲಿ ಬೆಳೆದ ಕ್ರಾಸ್ಬಿ ಕಾನೂನು ಓದು ಬಿಟ್ಟು, ಗೆಳೆಯ ಅಲ್ ರಿಂಕರ್ ಜೊತೆ ಲಾಸ್ ಏಂಜಲೀಸಿಗೆ ಹೊರಟದ್ದೂ ಅದೇ ವರ್ಷ. 1926ರಲ್ಲಿ ಆಗಿನ ಹೆಸರಾಂತ ವಾದ್ಯವೃಂದವಾದ ಪಾಲ್ ವೈಟ್‌ಮನ್ ಆರ್ಕೆಸ್ಟ್ರಾ ಸೇರಿದ, 1931ರಲ್ಲಿ ಸಿಬಿಎಸ್ ರೇಡಿಯೊಗೆ ಬಂದ.

ಮೈಕಿಗೆ ಹಾಡುವುದು ಸುಲಭವೆಂಬುದು ತಪ್ಪು ತಿಳಿವಳಿಕೆ. ಅಂಗೈಯನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿದು 'ಪಾಪ' ಅನ್ನಿ, ಗಾಳಿ ಬಂದು ಬಡಿಯುತ್ತದೆ. ಆಗಿನ ರಿಬ್ಬನ್ ಮೈಕಿನ ತೆಳು ಲೋಹಪಟ್ಟಿಗೆ ಆ ಗಾಳಿ ತಾಕಿದರೆ 'ಧಪ್' ಎಂಬ ಸದ್ದು. ಹತ್ತಿರ ಹೋದಷ್ಟೂ ಮಂದ್ರ ತುಂಬಿಬರುತ್ತದೆ, ಅತಿಯಾದರೆ ಪದಗಳು ಮಬ್ಬಾಗುತ್ತವೆ. ಕ್ರಾಸ್ಬಿಯ ರೆಕಾರ್ಡುಗಳಲ್ಲಿ ಮಂದ್ರವೂ ತುಂಬಿದೆ, ಅಕ್ಷರಗಳೂ ಬಿಡಿಬಿಡಿಯಾಗಿವೆ. ಉದ್ದ ಸ್ವರದ ತುದಿಯಲ್ಲಿ ಸಣ್ಣದೊಂದು ಮುರ್ಕಿ (ದನಿಯ ಚುರುಕಾದ ತಿರುವು), ಅಷ್ಟೇ ಅಲಂಕಾರ. ಕೂಗಿ ಹಾಡುವವರಲ್ಲಿ ಅದು ಕೇಳಿಸುತ್ತಲೇ ಇರಲಿಲ್ಲ.

ಸಿನಿಮಾದಲ್ಲೂ ಗೆದ್ದ, 1944ರ 'ಗೋಯಿಂಗ್ ಮೈ ವೇ' ಚಿತ್ರಕ್ಕೆ ಆಸ್ಕರ್ ಪಡೆದ. ಆದರೆ ಹಾಡುಗಾರಿಕೆಯಷ್ಟೇ ತೂಕದ ಅವನ ಇನ್ನೊಂದು ಕೆಲಸ ಟೇಪ್ ರೆಕಾರ್ಡರಿನದು, ಅದನ್ನು ನೆನೆಯುವವರೇ ಕಡಿಮೆ. ಆಗ ರೇಡಿಯೊ ಕಾರ್ಯಕ್ರಮ ನೇರಪ್ರಸಾರ. ಅಮೆರಿಕದ ಪೂರ್ವಕ್ಕೂ ಪಶ್ಚಿಮಕ್ಕೂ ಮೂರು ಗಂಟೆ ಅಂತರವಿರುವುದರಿಂದ ಎಷ್ಟೋ ಸಲ ಅದನ್ನೇ ಎರಡು ಬಾರಿ ಹಾಡಬೇಕಿತ್ತು. ಮೊದಲೇ ಮುದ್ರಿಸಿಕೊಳ್ಳುತ್ತೇನೆಂದು ಹಠ ಹಿಡಿದು 1946ರಲ್ಲಿ ಎಬಿಸಿ ರೇಡಿಯೊ ಜಾಲಕ್ಕೆ ಬಂದ. ಮುದ್ರಣ ಡಿಸ್ಕಿನ ಮೇಲೆ. ತಪ್ಪು ತೆಗೆಯಲು ಒಂದರಿಂದ ಇನ್ನೊಂದಕ್ಕೆ ನಕಲು ಮಾಡಿದಷ್ಟೂ ಕರಕರ ಸದ್ದು ಹೆಚ್ಚಿ ದನಿ ಸೊರಗುತ್ತಿತ್ತು. ಯುದ್ಧ ಮುಗಿದ ಮೇಲೆ ಜರ್ಮನಿಯಿಂದ ಮ್ಯಾಗ್ನೆಟೊಫೋನ್ ಎಂಬ ಎರಡು ಟೇಪ್ ರೆಕಾರ್ಡರ್ ಯಂತ್ರ, 50 ಸುರುಳಿ ಟೇಪ್ ತಂದಿದ್ದ ಎಂಜಿನಿಯರ್ ಜಾಕ್ ಮಲಿನ್ ಇದಕ್ಕೆ ದಾರಿ ತೋರಿಸಿದ. ಟೇಪನ್ನು ಕತ್ತರಿಸಿ ಅಂಟಿಸಿದರೆ ಜೋಡಣೆ ಕಿವಿಗೆ ತಿಳಿಯದು. 1947ರ ಅಕ್ಟೋಬರ್ 1ರಂದು ಕ್ರಾಸ್ಬಿಯ ಕಾರ್ಯಕ್ರಮ ಟೇಪಿನಿಂದ ಪ್ರಸಾರವಾಯಿತು. ಕ್ರಾಸ್ಬಿ 50,000 ಡಾಲರ್ ತೊಡಗಿಸಿದ್ದರಿಂದ ಆಂಪೆಕ್ಸ್ ಎಂಬ ಪುಟ್ಟ ಕಂಪನಿ 1948ರಲ್ಲಿ ಅಮೆರಿಕದಲ್ಲೇ ಯಂತ್ರ ಕೊಡತೊಡಗಿತು.

ಎಲ್ಲಿಂದ ಕೇಳಲು ಶುರುಮಾಡಬೇಕು? ಅವನ ಪ್ರಸಿದ್ಧ ಹಾಡು 'ವೈಟ್ ಕ್ರಿಸ್‌ಮಸ್'ನಿಂದಲೇ, ಆದರೆ ವರ್ಷ ನೋಡಿಕೊಳ್ಳಿ. 1942ರ ಮೂಲ ಅಚ್ಚು ಪ್ರತಿ ತೆಗೆದೂ ತೆಗೆದೂ ಸವೆದುಹೋಗಿ, 1947ರ ಮಾರ್ಚಿನಲ್ಲಿ ಮತ್ತೆ ಹಾಡಿದ. ಈಗ ಹೆಚ್ಚಾಗಿ ಸಿಗುವುದು ಆ ಎರಡನೆಯದು. ಶುರುವಿನಲ್ಲಿ ಕೊಳಲು, ಗೆಜ್ಜೆಯಷ್ಟು ಸಣ್ಣಗೆ ಸೆಲೆಸ್ಟಾ (ಗಂಟೆಯಂಥ ನಾದದ, ಪಿಯಾನೊ ಹಾಗೆ ನುಡಿಸುವ ವಾದ್ಯ) ಕೇಳಿಸಿದರೆ ಅದು 1947ರದು.