ಗಾಡಿಗಳಿಲ್ಲದ ಮಡಿಕೇರಿಯಲ್ಲಿ ಸೈಕಲ್ ತುಳಿದದ್ದು

ಮಡಿಕೇರಿಗೂ ಸೈಕಲ್‌ಗೂ ಆಗಿಬರುವುದಿಲ್ಲ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಸುಮ್ನೆ ಹೇಳುವುದೂ ಅಲ್ಲ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ, ಗುಡ್ಡದ ನೆತ್ತಿಯ ಮೇಲೂ ಸಂದಿಯಲ್ಲೂ ಹರಡಿಕೊಂಡ ಊರು ಅದು. ಬಸ್ ಸ್ಟ್ಯಾಂಡ್‌ನಿಂದ ಎಲ್ಲಿಗೆ ಹೊರಟರೂ ಒಂದೋ ಏರು, ಇಲ್ಲವೇ ಇಳಿಜಾರು. ನಮ್ಮ ಕುಶಾಲನಗರ ಹೆಚ್ಚುಕಡಿಮೆ ಸಮತಟ್ಟು, ಹಾಗಾಗಿ ಇಲ್ಲಿ ಈಗಲೂ ಸೈಕಲ್‌ಗಳು ಕಣ್ಣಿಗೆ ಬೀಳುತ್ತವೆ. ಹೀಗಿರುವಾಗ, ಭಾನುವಾರ ಬೆಳಿಗ್ಗೆ ಮಡಿಕೇರಿ ಪೇಟೆಯ ರಸ್ತೆಗಳಲ್ಲಿ ವಾಹನ ಬಂದ್ ಮಾಡಿ ಸೈಕಲ್‌ನವರಿಗೆ ಬಿಟ್ಟುಕೊಡುತ್ತಾರಂತೆ ಅಂತ ಅಕ್ಕನ ಮಗ ಫೋನ್ ಮಾಡಿದಾಗ, ಹೋಗದೆ ಇರುವುದು ಹೇಗೆ?

ಸೈಕಲ್‌ಗಳನ್ನು ಪಿಕಪ್‌ನ ಹಿಂದೆ ಹಗ್ಗ ಹಾಕಿ ಕಟ್ಟಿ, ಕತ್ತಲೆಯಲ್ಲೇ ಹೊರಟೆವು. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್. ಸುಂಟಿಕೊಪ್ಪದಲ್ಲಿ ಒಂದು ಹೋಟೆಲ್ ಆಗಲೇ ಬಾಗಿಲು ತೆಗೆದಿತ್ತು. ಅಲ್ಲಿಂದ ಮೇಲೆ ಮಂಜು ಶುರು. ಕಾಫಿ ಕೊಯ್ಲಿನ ಸಮಯ, ರಸ್ತೆ ಬದಿಯ ಕಣಗಳಲ್ಲಿ ಒಣಗಲು ಹಾಕಿದ ಹಣ್ಣಿನ ಮೇಲೆ ಟಾರ್ಪಾಲ್ ಹೊದಿಸಿದ್ದರು. ಕಿಟಕಿ ಇಳಿಸಿದರೆ ಹುಳಿ ಹುಳಿ ವಾಸನೆ, ಏರಿಸಿದರೆ ಗಾಜು ಮಬ್ಬು.

ಗಾಂಧಿ ಮೈದಾನ ತಲುಪುವಾಗ ಬೆಳಕು ಹರಿದಿತ್ತು. ಎಷ್ಟು ಥರದ ಸೈಕಲ್‌ಗಳು ಮಾರಾಯ್ರೇ! ಬೆಂಗಳೂರಿನಿಂದ ಕಾರಿನ ಮೇಲೆ ಏರಿಸಿ ತಂದ ತೆಳ್ಳಗಿನ ಟಯರಿನವು, ದಪ್ಪ ಟಯರಿನ ಗೇರ್ ಸೈಕಲ್‌ಗಳು, ಶಾಲೆ ಮಕ್ಕಳ ಸೈಕಲ್‌ಗಳು, ಮಧ್ಯದಲ್ಲಿ ಕ್ಯಾರಿಯರ್ ಮೇಲೆ ಇನ್ನೂ ಹಾಲಿನ ಕ್ಯಾನಿನ ಕೊಕ್ಕೆ ನೇತಾಡುತ್ತಿದ್ದ ಒಂದು ಹಳೆ ಕಪ್ಪು ಸೈಕಲ್. ಅದರ ಯಜಮಾನರು ಸ್ವೆಟರ್, ಮಫ್ಲರ್, ಪಂಚೆಯಲ್ಲಿ ಬಂದಿದ್ದರು. ಹೆಲ್ಮೆಟ್ ಕಡ್ಡಾಯ ಅಂದದ್ದಕ್ಕೆ ಮಫ್ಲರ್ ಮೇಲೆಯೇ ಹೆಲ್ಮೆಟ್ ಹಾಕಿಕೊಂಡರು. ಒಂದು ಮೂಲೆಯಲ್ಲಿ ಮೆಕ್ಯಾನಿಕ್ ಒಬ್ಬ ಕೂತು ಎಲ್ಲರ ಬ್ರೇಕ್ ಹಿಡಿದು ನೋಡುತ್ತಿದ್ದ. ಇದು ಒಳ್ಳೆ ಕೆಲಸ. ಇಂಥ ಊರಿನಲ್ಲಿ ಏರು ಹತ್ತಲು ಆಗದಿದ್ದರೆ ಇಳಿದು ತಳ್ಳಬಹುದು, ಇಳಿಜಾರಿನಲ್ಲಿ ಬ್ರೇಕ್ ಹಿಡಿಯದಿದ್ದರೆ ಏನು ಮಾಡುತ್ತೀರಿ? ಮಂಜಿಗೆ ರಿಮ್ ಒದ್ದೆಯಾಗಿದ್ದರೆ ಬ್ರೇಕಿನ ರಬ್ಬರ್ ಮೊದಲು ಜಾರುತ್ತದೆ, ಆಮೇಲೆ ಹಿಡಿಯುತ್ತದೆ. "ಒಂದೇ ಸಲ ಗಟ್ಟಿ ಒತ್ತಬೇಡಿ ಅಣ್ಣಾ, ಮೊದಲೇ ಸ್ವಲ್ಪ ಸ್ವಲ್ಪ ಒತ್ತಿ ನೀರು ಒರೆಸಿಕೊಳ್ಳಿ" ಅಂತ ನನಗೂ ಹೇಳಿದ.

ಶುರುವಿನಲ್ಲಿ ನೂಕುನುಗ್ಗಲು. ಕೋಟೆ, ಜನರಲ್ ತಿಮ್ಮಯ್ಯ ವೃತ್ತ ಎಲ್ಲ ಗುಂಪಿನಲ್ಲೇ ಕಳೆದವು, ಮುಂದಿನವನ ಹಿಂದಿನ ಚಕ್ರ ಬಿಟ್ಟು ಬೇರೇನೂ ನೋಡಲಾಗಲಿಲ್ಲ. ಓಂಕಾರೇಶ್ವರ ದೇವಸ್ಥಾನದ ಕಡೆ ಇಳಿಯುವಾಗಲೇ ಸ್ವಲ್ಪ ಜಾಗ ಸಿಕ್ಕಿದ್ದು. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಈ ದೇವಸ್ಥಾನ ತಗ್ಗಿನಲ್ಲಿದೆ. ಮೇಲಿನಿಂದ ಬರುವವರಿಗೆ ಮೊದಲು ಕಾಣುವುದು ಗುಮ್ಮಟ, ಆಮೇಲೆ ಕೊಳ. ಅಲ್ಲಿಗೆ ಇಳಿಯುವುದು ಸುಖ, ಆದರೆ ಇಳಿದವರು ವಾಪಸ್ ಹತ್ತಲೇಬೇಕಲ್ಲ.

ನಾನು ಬರೆಯಬೇಕು ಅಂದುಕೊಂಡದ್ದು ಈ ಏರಿನ ಬಗ್ಗೆಯೇ. ಗೇರ್ ಇಳಿಸಿ ನೇರ ತುಳಿಯಲು ಹೊರಟವರೆಲ್ಲ ಅರ್ಧದಲ್ಲಿ ಕಾಲು ಊರಿದರು. ಮಫ್ಲರ್‌ನ ಯಜಮಾನರಿಗೆ ಗೇರೇ ಇಲ್ಲ. ಅವರು ಏನು ಮಾಡಿದರು ಗೊತ್ತಾ? ಸೀಟಿನಿಂದ ಎದ್ದು, ರಸ್ತೆಯ ಎಡ ಅಂಚಿನಿಂದ ಬಲ ಅಂಚಿಗೆ ಓರೆಯಾಗಿ ಹೋದರು, ಅಲ್ಲಿ ಹ್ಯಾಂಡಲ್ ತಿರುಗಿಸಿ ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ದೂರ ಜಾಸ್ತಿ, ಆದರೆ ಏರು ಅರ್ಧಕ್ಕರ್ಧ ಕಡಿಮೆಯಾದ ಹಾಗೆ. ಘಾಟಿ ರಸ್ತೆ ಸುತ್ತಿ ಸುತ್ತಿ ಹತ್ತುವುದೂ ಇದೇ ಲೆಕ್ಕದಲ್ಲಿ ಅಲ್ವಾ. "ಮಾವ, ನಾವೂ ಹಾಗೇ ಹೋಗೋಣ" ಅಂದ ಅಕ್ಕನ ಮಗ. ಹೋದೆವು. ಉಸಿರು ಕಿತ್ತು ಬಂತು, ತೊಡೆ ಉರಿಯಿತು, ಆದರೆ ಇಳಿಯದೆ ಮೇಲೆ ಮುಟ್ಟಿದೆವು.

ಬೇರೆ ದಿನ ಆ ರಸ್ತೆಯಲ್ಲಿ ಹೀಗೆ ಮಾಡಿ ನೋಡಿ. ಎರಡನೇ ತಿರುವಿನಲ್ಲೇ ಜೀಪಿನ ಕೆಳಗೆ ಇರುತ್ತೀರಿ. ಅಂದರೆ ಇಷ್ಟು ವರ್ಷ ನಾವು ಬೈದದ್ದು ಗುಡ್ಡವನ್ನು, ಆದರೆ ನಿಜವಾಗಿ ಕಡಿಮೆಯಿದ್ದದ್ದು ರಸ್ತೆಯ ಅಗಲ. ಕೊಲಂಬಿಯಾದ ಬೊಗೋಟಾ ನಗರ ಮಡಿಕೇರಿಗಿಂತ ಎರಡು ಪಟ್ಟು ಎತ್ತರದಲ್ಲಿದೆ, ಸುಮಾರು 2,600 ಮೀಟರ್. ಅಲ್ಲಿ 1970ರ ದಶಕದಿಂದ ಪ್ರತಿ ಭಾನುವಾರ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ನೂರು ಕಿಲೋಮೀಟರಿಗೂ ಜಾಸ್ತಿ ರಸ್ತೆಯಲ್ಲಿ ಮೋಟಾರು ವಾಹನ ನಿಲ್ಲಿಸಿ ಸೈಕಲ್‌ನವರಿಗೂ ನಡೆಯುವವರಿಗೂ ಬಿಡುತ್ತಾರೆ. ನಮಗೆ ಅಷ್ಟೆಲ್ಲ ಬೇಡ, ತಿಂಗಳಿಗೊಂದು ಬೆಳಿಗ್ಗೆ ಕೊಟ್ಟರೂ ಸಾಕು.

ಎಲ್ಲರಿಗೂ ಖುಷಿಯಾಗಿತ್ತು ಅಂತೇನೂ ಅಲ್ಲ. ರಾಜಾಸೀಟ್ ಕಡೆಯ ಬ್ಯಾರಿಕೇಡ್ ಹತ್ತಿರ ಪ್ರವಾಸಿಗರ ಕಾರೊಂದು ಹಾರ್ನ್ ಹೊಡೆಯುತ್ತಲೇ ಇತ್ತು. ಮಹದೇವಪೇಟೆಯ ಅಂಗಡಿಯವರೊಬ್ಬರು, ಸಾಮಾನಿನ ಗಾಡಿ ಬರಲಿಲ್ಲ, ಇದೆಲ್ಲ ಯಾಕೆ ಬೇಕಿತ್ತು ಅಂತ ಗೊಣಗಿದರು. ಅವರ ಮಾತಿನಲ್ಲಿ ನ್ಯಾಯ ಇದೆ, ಮೊದಲೇ ತಿಳಿಸಿದ್ದರೆ ಹಿಂದಿನ ಸಂಜೆಯೇ ಇಳಿಸಿಕೊಳ್ಳುತ್ತಿದ್ದರು. ಕಾರಿನವರ ಬಗ್ಗೆ ನನಗೆ ಅಷ್ಟು ಮರುಕ ಇಲ್ಲ. ನಡುವೆ ಒಂದು ಆಂಬುಲೆನ್ಸ್ ಬಂತು. ಪೊಲೀಸರು ಸೀಟಿ ಊದಿದ್ದೇ ತಡ, ಎಲ್ಲ ಸೈಕಲ್‌ಗಳೂ ಎಡಕ್ಕೆ ಸರಿದವು. ಅದು ಒಂದು ಸಲವೂ ನಿಲ್ಲದೆ ದಾಟಿಹೋಯಿತು. ವಾರಾಂತ್ಯದ ಟ್ರಾಫಿಕ್‌ನಲ್ಲಿ ಹೀಗೆ ಹೋಗಲು ಸಾಧ್ಯವೇ ಇಲ್ಲ.

ರಾಜಾಸೀಟ್‌ನಲ್ಲಿ ಕಣಿವೆ ಪೂರ್ತಿ ಮಂಜು, ನೋಡಲು ಏನೂ ಇರಲಿಲ್ಲ. ಅಲ್ಲಿ ಕೊಟ್ಟ ಬೆಲ್ಲದ ಕಾಫಿ ಮಾತ್ರ ಬಿಸಿಯಾಗಿತ್ತು. ಆಮೇಲೆ ಪೇಟೆಯಲ್ಲಿ ನೂಲ್‌ಪುಟ್ಟು, ಕೋಳಿ ಸಾರು. ತಟ್ಟೆ ಮುಗಿಯುವ ಹೊತ್ತಿಗೆ ಬ್ಯಾರಿಕೇಡ್ ತೆಗೆದಿದ್ದರು, ಹೊರಗೆ ಬಸ್ಸುಗಳ ಸದ್ದು ಶುರುವಾಗಿತ್ತು.

"ಸುಂಟಿಕೊಪ್ಪದವರೆಗೆ ಸೈಕಲ್‌ನಲ್ಲೇ ಹೋಗೋಣ ಮಾವ, ಜಾಸ್ತಿ ಇಳಿಜಾರೇ ಅಲ್ವಾ, ತುಳಿಯೋದೇ ಬೇಡ" ಅಂದ ಹುಡುಗ. ಹೆದ್ದಾರಿಯಲ್ಲಿ ಬರುತ್ತಿದ್ದ ಟೂರಿಸ್ಟ್ ವ್ಯಾನ್‌ಗಳ ಸಾಲು ತೋರಿಸಿದೆ. ಅವನು ಮಾತಾಡದೆ ಪಿಕಪ್‌ನಿಂದ ಹಗ್ಗ ತೆಗೆದುಕೊಂಡು ಬಂದ.